ನಿಂತ ಕ್ಯಾರವಾನಿನ ಖರ್ಚು: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ ಹಾಕಬೇಕಾದ ಲೆಕ್ಕ

ಮಲಗುವ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಇಟ್ಟುಕೊಂಡ ಕ್ಯಾರವಾನ್ ಕೊಂಡು, ಮಕ್ಕಳನ್ನೂ ಮನೆಯ ಮುತ್ಯಾ-ಆಯಿಯರನ್ನೂ ಕೂರಿಸಿಕೊಂಡು ಊರೂರು ಸುತ್ತಬೇಕೆಂಬ ಆಸೆ ಈಗ ಕಲಬುರಗಿ, ಬೀದರ, ಯಾದಗಿರಿಯ ಮನೆಗಳಲ್ಲೂ ಕಾಣುತ್ತಿದೆ. ಅದು ಒಳ್ಳೆಯ ಆಸೆ. ಹಿರಿಯರಿಗೆ ಹೊತ್ತಿಗೆ ಸರಿಯಾಗಿ ತಮ್ಮದೇ ಊಟ, ಬೇಕೆಂದಾಗ ಮಲಗಲು ತಮ್ಮದೇ ಹಾಸಿಗೆ ದೊರೆಯುವುದರಿಂದ, ಲಾಡ್ಜಿನ ಮೆಟ್ಟಿಲು ಹತ್ತಲಾರದವರೂ ಪ್ರವಾಸಕ್ಕೆ ಬರಬಲ್ಲರು. ಆದರೆ ಇಂಥ ವಾಹನವನ್ನು ವಿಚಾರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದನ್ನು. ಲೆಕ್ಕವನ್ನು ಅಲ್ಲಿಂದ ಆರಂಭಿಸಿದರೆ ಕೊನೆಯವರೆಗೂ ಅದು ಸರಿಹೋಗುವುದಿಲ್ಲ. ಕಟ್ಟಿಹಾಕಿದ ಎತ್ತಿಗೂ ಮೇವು ಹಾಕಲೇಬೇಕು. ಕ್ಯಾರವಾನ್ ಓಡುವಾಗ ಬೇಡುವ ಹಣಕ್ಕಿಂತ ಅಂಗಳದಲ್ಲಿ ನಿಂತಾಗ ಬೇಡುವ ಹಣವೇ ಹೆಚ್ಚು. ಈ ಬರಹದ ಎಲ್ಲ ಸಲಹೆಗಳೂ ಆ ಒಂದು ಸಂಗತಿಯಿಂದ ಹೊರಟವು.

ಒಂದು ರಾತ್ರಿಗೆ ಎಷ್ಟು ಬೀಳುತ್ತದೆ

ಕ್ಯಾರವಾನಿನ ಖರ್ಚನ್ನು ತಿಂಗಳ ಕಂತಿನಿಂದಾಗಲಿ ಕಿಲೋಮೀಟರಿನಿಂದಾಗಲಿ ಅಳೆಯಬೇಡಿ. ವರ್ಷದಲ್ಲಿ ನಿಮ್ಮ ಕುಟುಂಬ ಅದರೊಳಗೆ ನಿಜವಾಗಿ ಎಷ್ಟು ರಾತ್ರಿ ಮಲಗುತ್ತದೆ ಎಂಬುದನ್ನು ಮೊದಲು ಬರೆದುಕೊಂಡು, ವರ್ಷದ ಒಟ್ಟು ಖರ್ಚನ್ನು ಆ ಸಂಖ್ಯೆಯಿಂದ ಭಾಗಿಸಿ. ರಾತ್ರಿಗಳನ್ನು ಬರೆಯುವಾಗ ಆಸೆಯಿಂದ ಬರೆಯಬಾರದು. ಮಕ್ಕಳ ಶಾಲೆಯ ರಜೆ, ಹೊಲದ ರಾಶಿಯ ದಿನಗಳು, ಮದುವೆ-ಮುಂಜಿಗಳ ತಿಂಗಳು, ನೌಕರಿಯಲ್ಲಿರುವವರ ಉಳಿದ ರಜೆ ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಉಳಿದುದನ್ನು ಮಾತ್ರ ಎಣಿಸಬೇಕು.

ವರ್ಷದ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದು ಬೆಲೆಯ ಇಳಿತ. ವಿಮೆಯ ಲೆಕ್ಕದಲ್ಲಿ ವಾಹನದ ಬೆಲೆಯನ್ನು ಕಟ್ಟುವ ಪಟ್ಟಿಯೇ ಇದಕ್ಕೆ ಒಳ್ಳೆಯ ಕನ್ನಡಿ: ಮೊದಲ ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಮೂರಕ್ಕೆ ಶೇ. 30, ನಾಲ್ಕಕ್ಕೆ ಶೇ. 40, ಐದಕ್ಕೆ ಶೇ. 50ರಷ್ಟು ಬೆಲೆಯನ್ನು ಕಳೆಯುತ್ತಾರೆ. ಅಂದರೆ ಐದು ವರ್ಷಗಳಲ್ಲಿ ಅರ್ಧ ಬೆಲೆ ಹೋಯಿತು ಎಂದು ಹಿಡಿಯುವುದು ಅತಿಶಯವಲ್ಲ. ಎರಡನೆಯದು, ಅದರಲ್ಲಿ ಸಿಕ್ಕಿಕೊಂಡ ಹಣದ ಬಡ್ಡಿ. ಸಾಲ ತೆಗೆದಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಸ್ವಂತ ಹಣ ಹಾಕಿದ್ದರೆ, ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿದ್ದರೆ ತರುತ್ತಿದ್ದ ಬಡ್ಡಿಯನ್ನು ಖರ್ಚೆಂದೇ ಬರೆದುಕೊಳ್ಳಬೇಕು. ಮೂರನೆಯದು ವಿಮೆ, ನಾಲ್ಕನೆಯದು ಟೈರು, ಬ್ಯಾಟರಿ, ಸರ್ವಿಸ್ ಮತ್ತು ಒಳಗಿನ ಸಾಮಾನುಗಳ ದುರಸ್ತಿ.

ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ರಸ್ತೆಗಿಳಿಯುವ ಹೊತ್ತಿಗೆ ವಾಹನಕ್ಕೆ 24 ಲಕ್ಷ ರೂಪಾಯಿ ಆಯಿತು, ಐದು ವರ್ಷದ ನಂತರ 12 ಲಕ್ಷಕ್ಕೆ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ಬೆಲೆಯ ಇಳಿತ ವರ್ಷಕ್ಕೆ 2,40,000. ಐದು ವರ್ಷಗಳ ಸರಾಸರಿಯಲ್ಲಿ 18 ಲಕ್ಷ ಹಣ ಸಿಕ್ಕಿಕೊಂಡಿರುತ್ತದೆ, ಶೇ. 7ರಂತೆ ಅದರ ಬಡ್ಡಿ 1,26,000. ವಿಮೆಗೆ 50,000, ನಿರ್ವಹಣೆಗೆ 44,000 ಎಂದು ಹಿಡಿದರೆ ವರ್ಷದ ಮೊತ್ತ 4,60,000 ರೂಪಾಯಿ. ವರ್ಷಕ್ಕೆ 20 ರಾತ್ರಿ ಬಳಸುವ ಮನೆಗೆ ಒಂದು ರಾತ್ರಿ 23,000 ರೂಪಾಯಿ ಬೀಳುತ್ತದೆ. 60 ರಾತ್ರಿ ಬಳಸುವವರಿಗೆ ಸುಮಾರು 7,670. ಇದರಲ್ಲಿ ಇನ್ನೂ ಒಂದು ಹನಿ ಡೀಸೆಲ್ ಸೇರಿಲ್ಲ. ಈಗ ಕಲಬುರಗಿಯಿಂದ ಹುಮನಾಬಾದ ಮೇಲೆ ಬೀದರಕ್ಕೆ ಹೋಗಿ, ಬಸವಕಲ್ಯಾಣ ನೋಡಿಕೊಂಡು ಮರಳುವ ಸುಮಾರು 300 ಕಿ.ಮೀ.ಗಳ ಪ್ರವಾಸವನ್ನು ತೆಗೆದುಕೊಳ್ಳಿ. ಲೀಟರಿಗೆ 10 ಕಿ.ಮೀ. ಓಡುವ ವಾಹನಕ್ಕೆ 30 ಲೀಟರ್ ಡೀಸೆಲ್ ಬೇಕು, ಲೀಟರಿಗೆ 90 ರೂಪಾಯಿಯಂತೆ 2,700 ಆಗುತ್ತದೆ. ಮೂರು ರಾತ್ರಿಯ ಆ ಪ್ರವಾಸದಲ್ಲಿ 20 ರಾತ್ರಿಯ ಮನೆಯವರು ಅರಿವಿಲ್ಲದೆ ತೆರುವ 69,000ದ ಎದುರು ಈ 2,700 ಎಷ್ಟರದು ಎಂಬುದನ್ನು ನೀವೇ ನೋಡಬಹುದು. ನಿಮ್ಮ ಅಂಕಿಗಳು ಬೇರೆ ಇದ್ದಾವು. ಅವುಗಳನ್ನು ಇದೇ ಕ್ರಮದಲ್ಲಿ ಹಾಕಿ ಕೂಡಿಸಿ.

ಏರಿರುವ ಖರ್ಚುಗಳು

ಹಾಗೆಂದು ದಾರಿಯ ಖರ್ಚು ಏರಿಲ್ಲವೆಂದಲ್ಲ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 14.3ರಿಂದ 18.4ಕ್ಕೂ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೂ ಏರಿಸಲಾಯಿತು. ಆದರೂ ತೆಲಂಗಾಣದ ದರ ಈ ಕೆಲವು ವರ್ಷಗಳಿಂದ ನಮ್ಮದಕ್ಕಿಂತ ಹೆಚ್ಚೇ ಇರುವುದರಿಂದ, ಹೈದರಾಬಾದ ಕಡೆಗೆ ಹೊರಟವರು ಗಡಿ ದಾಟುವ ಮುನ್ನ ಹುಮನಾಬಾದ ಅಥವಾ ಬೀದರದಲ್ಲಿಯೇ ಟ್ಯಾಂಕು ತುಂಬಿಸಿಕೊಳ್ಳುವುದು ಲೇಸು. ಟೋಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2025ರ ಆಗಸ್ಟ್ 15ರಿಂದ ಬಂದಿರುವ, ಆರಂಭದಲ್ಲಿ 3,000 ರೂಪಾಯಿ ಇದ್ದ ಫಾಸ್ಟ್ಯಾಗ್ ವಾರ್ಷಿಕ ಪಾಸು ಒಂದು ವರ್ಷ ಅಥವಾ 200 ಸಲದ ದಾಟುವಿಕೆಗೆ ಸಾಲುತ್ತದೆ, ಆದರೆ ಅದು ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ನಿಮ್ಮ ಕ್ಯಾರವಾನ್ ಮಿನಿ ಬಸ್ಸಿನ ವರ್ಗದಲ್ಲಿ ದಾಖಲಾಗಿದ್ದರೆ ಈ ಪಾಸು ನಡೆಯುವುದಿಲ್ಲ, ಟೋಲು ಕೂಡ ಕಾರಿಗಿಂತ ಹೆಚ್ಚು. ಕೊಳ್ಳುವ ಮುನ್ನವೇ ಆ ಮಾದರಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಕೇಳಿಕೊಳ್ಳಬೇಕು.

ಕಾರಿನ ಹಿಂದೆ ಕ್ಯಾರವಾನ್ ಎಳೆದುಕೊಂಡು ಹೋಗುವ ರೂಢಿ ಬಲವಾಗಿರುವ ಬ್ರಿಟನ್ನಿನಲ್ಲಿ ರಾತ್ರಿ ತಂಗುವ ಸೈಟಿನ ಬಾಡಿಗೆ, ಬಳಸದ ತಿಂಗಳುಗಳಲ್ಲಿ ನಿಲ್ಲಿಸಿಡುವ ಜಾಗದ ಬಾಡಿಗೆ, ವಿಮೆ ಮತ್ತು ವರ್ಷಕ್ಕೊಮ್ಮೆಯ ಸರ್ವಿಸ್ ಇವೇ ಮಾಲೀಕರ ಮುಖ್ಯ ಖರ್ಚುಗಳು. ಆ ಸರ್ವಿಸಿನಲ್ಲಿ ಗೋಡೆಗಳೊಳಗೆ ತೇವ ಇಳಿದಿದೆಯೇ ಎಂದು ತಪ್ಪದೆ ಪರೀಕ್ಷಿಸುತ್ತಾರೆ, ಏಕೆಂದರೆ ಅಲ್ಲಿಯ ಕ್ಯಾರವಾನಿಗೆ ಮಳೆಯ ತೇವವೇ ದೊಡ್ಡ ಶತ್ರು. ನಮ್ಮಲ್ಲಿ ಸೈಟಿನ ಬಾಡಿಗೆಯ ಭಾರ ಅಷ್ಟಿಲ್ಲ, ಅಂಗಳವಿರುವ ಮನೆಗಳಿಗೆ ನಿಲ್ಲಿಸುವ ಜಾಗಕ್ಕೂ ಹಣ ಕೊಡಬೇಕಿಲ್ಲ. ಆದರೆ ತೇವ ಅಲ್ಲಿ ಮಾಡುವ ಹಾನಿಯನ್ನು ಇಲ್ಲಿ ಬೇಸಿಗೆಯ ಬಿಸಿಲು ಮಾಡುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಬಾಡಿಗೆ, ಪಾಲು, ಸ್ವಂತ

ಮೇಲಿನ ಉದಾಹರಣೆಯಲ್ಲಿ ಬಾಡಿಗೆಯವರು ದಿನಕ್ಕೆ 12,000 ಕೇಳಿದರೆ, ವರ್ಷಕ್ಕೆ 38 ರಾತ್ರಿಗಳವರೆಗೆ ಬಾಡಿಗೆಯೇ ಅಗ್ಗ. ನಮ್ಮ ಸೀಮೆಯ ಬಹುಪಾಲು ಕುಟುಂಬಗಳು ವರ್ಷಕ್ಕೆ 38 ರಾತ್ರಿ ಹೊರಗೆ ಮಲಗುವುದಿಲ್ಲ ಎಂಬುದನ್ನು ಬಲ್ಲವನಾಗಿ, ಮೊದಲ ಎರಡು ವರ್ಷ ಬಾಡಿಗೆಯಲ್ಲೇ ಸುತ್ತಿ ನೋಡಿರಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಬಾಡಿಗೆ ವಾಹನ ಬೆಂಗಳೂರಿನಿಂದ ಬರುವುದಾದರೆ ಹೋಗಿಬರುವ ಸಾವಿರದ ನೂರಕ್ಕೂ ಹೆಚ್ಚು ಕಿಲೋಮೀಟರಿನ ಖಾಲಿ ಓಟದ ಹಣವನ್ನು ನೀವೇ ಕೊಡಬೇಕಾಗುತ್ತದೆ. ಹೈದರಾಬಾದಿನಿಂದ ಬಂದರೆ ಅದು ಅರ್ಧಕ್ಕಿಂತ ಕಡಿಮೆ. ದಕ್ಷಿಣದ ಕಡೆಗೆ, ಮಲೆನಾಡಿಗೋ ಮೈಸೂರಿಗೋ ಹೋಗುವ ಯೋಚನೆಯಿದ್ದರೆ ರೈಲಿನಲ್ಲಿ ಬೆಂಗಳೂರು ತಲುಪಿ ಅಲ್ಲಿಂದಲೇ ಬಾಡಿಗೆ ಹಿಡಿಯಬೇಕು. 2024ರ ಮಾರ್ಚ್‌ನಿಂದ ಕಲಬುರಗಿಗೆ ವಂದೇ ಭಾರತ್ ಕೂಡ ಓಡುತ್ತಿದೆ. ಬಾಡಿಗೆಯ ಕರಾರಿನಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಮೀರಿದರೆ ದರವೇನು, ಚಾಲಕರ ಭತ್ಯೆ ಯಾರದು, ಚಾಲಕ ರಾತ್ರಿ ಎಲ್ಲಿ ಮಲಗುತ್ತಾನೆ, ಮುಂಗಡದಿಂದ ಯಾವ ಕಾರಣಕ್ಕೆ ಹಣ ಹಿಡಿದುಕೊಳ್ಳಬಹುದು ಎಂಬ ಐದು ಸಂಗತಿಗಳು ಬರಹದಲ್ಲಿರಲಿ. ಚಾಲಕನ ಮಲಗುವ ಜಾಗವನ್ನು ಕೇಳುವವರು ಕಡಿಮೆ. ದಿನವಿಡೀ ಓಡಿಸಿದ ಮನುಷ್ಯ ಸೀಟಿನಲ್ಲಿ ಕುಳಿತೇ ರಾತ್ರಿ ಕಳೆದರೆ ಮರುದಿನ ಅಪಾಯ ನಿಮ್ಮ ಮಕ್ಕಳಿಗೇ.

ಅಣ್ಣ-ತಮ್ಮಂದಿರು, ಬೀಗರು ಅಥವಾ ನಂಬಿಕೆಯ ಗೆಳೆಯರು ಮೂವರು ಕೂಡಿ ಕೊಂಡರೆ ರಾತ್ರಿಗಳು ಮೂರು ಪಟ್ಟಾಗುತ್ತವೆ, ಒಂದೊಂದರ ಖರ್ಚು ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಕೂಡುಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಬಾಯಿಮಾತಿನ ಪಾಲು ಬಹಳ ದಿನ ನಡೆಯುವುದಿಲ್ಲ. ಛಾಪಾ ಕಾಗದದ ಮೇಲೆ ಕರಾರು ಬರೆಸಿ, ನೋಂದಣಿ ಯಾರ ಹೆಸರಿನಲ್ಲಿ, ಉಳಿದವರು ಹಾಕಿದ ಹಣ ಎಷ್ಟು, ಒಬ್ಬರು ಬಿಟ್ಟುಹೋದರೆ ಬೆಲೆ ಕಟ್ಟುವ ಬಗೆ ಯಾವುದು ಎಂಬುದನ್ನು ದಾಖಲಿಸಿ. ದಸರೆ, ದೀಪಾವಳಿ, ಎಳ್ಳ ಅಮಾವಾಸ್ಯೆ ಮತ್ತು ಶಾಲೆಯ ರಜೆಗಳಿಗೆ ಎಲ್ಲರೂ ಕೈಯೊಡ್ಡುವುದರಿಂದ ಅವು ವರ್ಷದಿಂದ ವರ್ಷಕ್ಕೆ ಸರದಿಯಲ್ಲಿ ತಿರುಗಲಿ. ವಿಮೆಯಂಥ ಸ್ಥಿರ ಖರ್ಚನ್ನು ಸಮನಾಗಿ ಹಂಚಿ, ಟೈರು-ಬ್ಯಾಟರಿಯ ಸವೆತಕ್ಕೆ ಮಾತ್ರ ಬಳಸಿದ ರಾತ್ರಿಗಳ ಲೆಕ್ಕದಲ್ಲಿ ಒಂದು ಸಾಮಾನ್ಯ ಖಾತೆಗೆ ಹಣ ಹಾಕುವುದು ನ್ಯಾಯವಾದ ಕ್ರಮ.

ಖರ್ಚು ತೂಗಿಸಲು ಹೊರಗಿನವರಿಗೆ ಬಾಡಿಗೆಗೆ ಕೊಡುವ ಯೋಚನೆ ಬಂದರೆ ಅಲ್ಲಿಯೇ ನಿಲ್ಲಿ. ಬಿಳಿ ಫಲಕದ ಖಾಸಗಿ ವಾಹನವನ್ನು ಹಣಕ್ಕೆ ಓಡಿಸುವುದು ಕಾನೂನಿಗೆ ವಿರುದ್ಧ. ಆ ಹೊತ್ತಿನಲ್ಲಿ ಅಪಘಾತವಾದರೆ ವಿಮೆಯವರು ಪರಿಹಾರವನ್ನು ನಿರಾಕರಿಸಲು ಅದೊಂದೇ ಕಾರಣ ಸಾಕು. ಬಾಡಿಗೆ ಹಿಡಿಯುವವರೂ ಫಲಕವನ್ನು ನೋಡಬೇಕು: ಚಾಲಕನೊಂದಿಗೆ ಬರುವ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ, ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುತ್ತದೆ. ನಮ್ಮ ಮೂರು ಜಿಲ್ಲೆಗಳು ತೆಲಂಗಾಣಕ್ಕೂ ಬೀದರ-ಕಲಬುರಗಿಗಳು ಮಹಾರಾಷ್ಟ್ರಕ್ಕೂ ಅಂಟಿಕೊಂಡಿರುವುದರಿಂದ, ಬಾಡಿಗೆ ವಾಹನಕ್ಕೆ ಆ ರಾಜ್ಯಗಳಲ್ಲಿ ನಡೆಯುವ ಪರ್ಮಿಟ್ ಇದೆಯೇ ಎಂದು ಹೊರಡುವ ಮೊದಲೇ ಕಣ್ಣಾರೆ ನೋಡಿಕೊಳ್ಳಿ.

ಅಗ್ಗದ ಮಾರ್ಪಾಡಿನ ಆಸೆ

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕಡಿಮೆ ಬೆಲೆಗೆ ಕೊಂಡು, ಸೀಟು ಕಿತ್ತು, ಬಡಗಿಯಿಂದ ಮಂಚ ಮಾಡಿಸಿ, ಮೇಲೊಂದು ಕಿಂಡಿ ಕೊರೆಸಿದರೆ ಲಕ್ಷಗಟ್ಟಲೆ ಉಳಿಯುತ್ತದೆ ಎಂದು ಹೇಳುವವರು ಇದ್ದಾರೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ದಂಡಕ್ಕಿಂತಲೂ ದೊಡ್ಡ ನಷ್ಟ ಬೇರೆ ಇದೆ: ನೋಂದಣಿ ಪುಸ್ತಕದಲ್ಲಿ ಪ್ರಯಾಣಿಕ ವಾಹನವೆಂದಿದ್ದು ಒಳಗೆ ಅಡುಗೆಮನೆ ಇದ್ದರೆ ವಿಮೆಯೂ ನಿಲ್ಲುವುದಿಲ್ಲ, ಮಾರಲು ಹೋದರೆ ಬೆಲೆಯೂ ಸಿಗುವುದಿಲ್ಲ. ಆದ್ದರಿಂದ ಮಾದರಿಗೆ ಅಧಿಕೃತ ಒಪ್ಪಿಗೆ ಪಡೆದ ತಯಾರಕರಿಂದಲೇ ಕೊಳ್ಳಿ, ಮತ್ತು ನೋಂದಣಿಯಲ್ಲಿ ವಾಹನದ ಬಗೆ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದೇ ಇರಲಿ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಕೇಂದ್ರದ ವರ್ಗೀಕರಣದಲ್ಲಿ ಸಾರಿಗೆಯೇತರ ವಾಹನವೆಂದೇ ಇದೆ. ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ಮಾರಾಟಗಾರರ ಬಾಯಿಂದ ಕೇಳಿ ಬಿಡದೆ, ನಿಮ್ಮ ಸಾರಿಗೆ ಕಚೇರಿಯಿಂದ, ಅದು ಕಲಬುರಗಿಯ ಕೆಎ-32 ಇರಲಿ, ಯಾದಗಿರಿಯ ಕೆಎ-33 ಇರಲಿ, ಬೀದರದ ಕೆಎ-38 ಇರಲಿ, ಮಾದರಿಯ ವಿವರ ತೋರಿಸಿ ಲಿಖಿತವಾಗಿ ಪಡೆಯಿರಿ.

ವಿಮೆಯ ಬಗ್ಗೆ ಎರಡು ಮಾತು ಸಾಕು. ಒಳಗಿನ ಮಂಚ, ಫ್ರಿಜ್, ಸೌರ ಫಲಕ ಇವುಗಳ ಬೆಲೆಯನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ, ಇಲ್ಲದಿದ್ದರೆ ಅವು ಸುಟ್ಟರೂ ಕಳುವಾದರೂ ಪರಿಹಾರವಿಲ್ಲ. ಪರಿಹಾರ ಕೇಳದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20ರಿಂದ ಆರಂಭವಾಗಿ 25, 35, 45, ಕೊನೆಗೆ 50ರವರೆಗೆ ಸಿಗುವ ರಿಯಾಯಿತಿಯು, ಪಾಲಿಸಿ ಮುಗಿದು 90 ದಿನ ಕಳೆದರೆ ಹೋಗಿಬಿಡುತ್ತದೆ. ಮಳೆಗಾಲದಲ್ಲಿ ಹೇಗೂ ನಿಂತಿದೆ ಎಂದು ನವೀಕರಣವನ್ನು ಮುಂದೂಡುವವರು ಇದನ್ನು ನೆನಪಿಡಬೇಕು.

ಒಳಗೆ ಏನಿರಬೇಕು

ಕ್ಯಾರವಾನಿನ ಬೆಲೆಯನ್ನು ಏರಿಸುವುದು ಚಾಸಿಗಿಂತ ಹೆಚ್ಚಾಗಿ ಒಳಗಿನ ಸೌಕರ್ಯ, ಅದರಲ್ಲೂ ಏಸಿ. ಒಂದು ಟನ್ನಿನ ಏಸಿ ಓಡಲು ಸುಮಾರು ಒಂದು ಸಾವಿರ ವ್ಯಾಟ್ ಬೇಕು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಒಟ್ಟು 1,200 ವ್ಯಾಟ್-ಅವರ್. ಲಿಥಿಯಂ ಆದರೆ ಅದರಲ್ಲಿ ಶೇ. 80ನ್ನು ಬಳಸಬಹುದು, ಸೀಸ-ಆಮ್ಲದ್ದಾದರೆ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆ. ಹೀಗಾಗಿ ಏಸಿ ಒಂದು ತಾಸು ಓಡುವಷ್ಟರಲ್ಲಿ ಬ್ಯಾಟರಿ ಮುಗಿಯುತ್ತದೆ. ಅದೇ ಬ್ಯಾಟರಿ, 25 ವ್ಯಾಟಿನ ಎರಡು ಫ್ಯಾನನ್ನು ರಾತ್ರಿ ಎಂಟು ತಾಸು ಓಡಿಸಿ, ದೀಪ ಉರಿಸಿ, ಎಲ್ಲರ ಮೊಬೈಲ್ ತುಂಬಿಸಿಯೂ ಉಳಿಯುತ್ತದೆ. ಸಣ್ಣ 12 ವೋಲ್ಟಿನ ಫ್ರಿಜ್ ಬೇಕಾದರೆ 200 ಆಂಪಿಯರ್-ಅವರ್ ಇರಲಿ. ಮೇಲ್ಛಾವಣಿಯ 400 ವ್ಯಾಟ್ ಸೌರ ಫಲಕ ನಮ್ಮ ಸೀಮೆಯ ಬಿಸಿಲಿಗೆ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಕೊಡುವುದರಿಂದ ಇವೆಲ್ಲಕ್ಕೂ ಸಾಕಾಗುತ್ತದೆ. ಏಸಿಯನ್ನೇ ನಂಬಿದವರು ಜನರೇಟರಿಗೂ ಅದರ ಇಂಧನಕ್ಕೂ ಹಣ ಸುರಿಯಬೇಕು. ಏಸಿ ಬೇಕಾಗುವ ತಿಂಗಳಲ್ಲಿ ಹೊರಡದಿರುವುದೇ ಏಸಿಯ ಖರ್ಚನ್ನು ಉಳಿಸುವ ಸುಲಭ ಉಪಾಯ.

ನೀರಿನ ತೂಕವನ್ನು ಮರೆಯಬಾರದು. ನೂರು ಲೀಟರ್ ನೀರೆಂದರೆ ನೂರು ಕಿಲೋ. ತುಂಬಿದ ಟ್ಯಾಂಕನ್ನು ದಾರಿಯುದ್ದಕ್ಕೂ ಹೊತ್ತು ಡೀಸೆಲ್ ಸುಡುವ ಬದಲು ತಂಗುವ ಊರಿಗೆ ಹತ್ತಿರವಾದಾಗ ತುಂಬಿಕೊಳ್ಳಿ. ಶಹಾಬಾದ, ವಾಡಿ, ಸೇಡಂ ಕಡೆ ನೆಲದೊಳಗೆ ಸುಣ್ಣಕಲ್ಲು ಇರುವುದರಿಂದ ಬೋರಿನ ನೀರು ಗಡುಸು. ಪಂಪು, ನಲ್ಲಿ, ನೀರು ಕಾಯಿಸುವ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಪ್ರವಾಸದಿಂದ ಬಂದ ಮೇಲೆ ನಿಂಬೆರಸ ಬೆರೆಸಿದ ನೀರನ್ನು ಒಂದು ರಾತ್ರಿ ಕೊಳವೆಗಳಲ್ಲಿ ಬಿಟ್ಟು ತೊಳೆದರೆ ಪಂಪು ಬದಲಿಸುವ ಖರ್ಚು ಉಳಿಯುತ್ತದೆ. ಒಳಗಿನ ಸ್ವಿಚ್ಚು, ಪಂಪು, ಬೀಗ, ಕೀಲುಗಳು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ದೊರೆಯುವಂಥವೇ ಆಗಿರಲಿ. ಹೊರದೇಶದ ಬಿಡಿಭಾಗ ಮುರಿದರೆ ಹೈದರಾಬಾದಿಗೋ ಪುಣೆಗೋ ಅಲೆಯುವ ಖರ್ಚು ಆ ಭಾಗದ ಬೆಲೆಗಿಂತ ಹೆಚ್ಚಾಗುತ್ತದೆ.

ಸಾಮಾನು, ನೀರು, ಜನ ಎಲ್ಲವನ್ನೂ ತುಂಬಿದ ಮೇಲೆ ಒಮ್ಮೆ ತೊಗರಿ ಲಾರಿಗಳನ್ನು ತೂಗುವ ಕಾಟಾದ ಮೇಲೆ ವಾಹನವನ್ನು ನಿಲ್ಲಿಸಿ ತೂಗಿಸಿ. ನೋಂದಣಿ ಪುಸ್ತಕದಲ್ಲಿರುವ ಒಟ್ಟು ತೂಕವನ್ನು ಅದು ಮೀರಿದ್ದರೆ ಟೈರು, ಬ್ರೇಕು, ಸ್ಪ್ರಿಂಗುಗಳು ಕಾಲಕ್ಕೆ ಮೊದಲೇ ಹೋಗುತ್ತವೆ. ಕಾಟಾದವರಿಗೆ ಕೊಡುವ ಸಣ್ಣ ಮೊತ್ತಕ್ಕಿಂತ ಉಪಯುಕ್ತವಾದ ಖರ್ಚು ಈ ವಿಷಯದಲ್ಲಿ ಇನ್ನೊಂದಿಲ್ಲ.

ಗ್ಯಾಸಿನ ವಿಷಯದಲ್ಲಿ ಉಳಿತಾಯವನ್ನು ಹುಡುಕಬೇಡಿ. ಮನೆಯ 14.2 ಕಿಲೋ ಸಿಲಿಂಡರನ್ನು ಒಳಗೆ ಒರಗಿಸಿ ಹೊರಡದೆ, 5 ಕಿಲೋದ ಸಣ್ಣ ಸಿಲಿಂಡರನ್ನು ನೇರವಾಗಿ ಬಿಗಿದು ಕಟ್ಟಿ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸಿಲಿಂಡರಿರುವ ಗೂಡಿನ ಕೆಳಭಾಗದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು. ವಾಹನ ಓಡುವಾಗ ಕವಾಟ ಮುಚ್ಚಿರಲಿ, ಮತ್ತು ಚಳಿಗೆಂದು ಒಲೆ ಹಚ್ಚಿ ಮಲಗುವ ಕೆಲಸವನ್ನು ಯಾರೂ ಎಂದೂ ಮಾಡಬಾರದು.

ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಿಸಬೇಕು

ನಮ್ಮ ಸೀಮೆಯಲ್ಲಿ ಕ್ಯಾರವಾನಿಗೆ ಒಪ್ಪುವ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಗೋಡೆಗಳೊಳಗೆ ಮಧ್ಯಾಹ್ನ ಕೂರಲಾಗದು. ಚಳಿಗಾಲದಲ್ಲಿ ಬೀದರದ ರಾತ್ರಿಗಳು ಬಹಳ ತಂಪು. ಹೀಟರಿನ ಬದಲು ಮನೆಯ ಕೌದಿಗಳೇ ಸಾಕು. ಊಟಕ್ಕೂ ನಮ್ಮ ಮನೆಗಳಲ್ಲಿರುವುದೇ ಪ್ರವಾಸದ ಊಟ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಉಳಿಯುತ್ತವೆ, ಮೊಸರು ಮತ್ತು ಕಾಯಿಪಲ್ಲೆ ಯಾವ ಊರಲ್ಲಾದರೂ ಸಿಗುತ್ತವೆ. ಇದರಿಂದ ಗ್ಯಾಸು, ಬ್ಯಾಟರಿ, ಹೋಟೆಲಿನ ಬಿಲ್ಲು ಮೂರೂ ಒಟ್ಟಿಗೆ ಉಳಿಯುತ್ತವೆ.

ದೂರ ಓಡುವುದಕ್ಕಿಂತ ಒಂದೆಡೆ ಎರಡು ರಾತ್ರಿ ನಿಂತು ಸುತ್ತ ನೋಡುವುದು ಮೇಲು. ಬೀದರವನ್ನೇ ನೋಡಿ. ಕೋಟೆ, 1472ರ ಮಹಮೂದ ಗವಾನನ ಮದರಸಾ, ಚೌಬಾರಾ ಎಲ್ಲವೂ ಹಳೆಯ ಪಟ್ಟಣದಲ್ಲಿವೆ, ಅಲ್ಲಿಯ ಓಣಿಗಳು ಕಿರಿದು. ಕ್ಯಾರವಾನನ್ನು ಹೊರಗೆ ಅಗಲವಾದ ರಸ್ತೆಯಿರುವ ಕಡೆ ನಿಲ್ಲಿಸಿ ಆಟೋದಲ್ಲಿ ಹೋಗಿಬಂದರೆ ಗೀರು ಬಿದ್ದ ಬಣ್ಣಕ್ಕೆ ತೆರುವ ಹಣ ಉಳಿಯುತ್ತದೆ. ಅಷ್ಟೂರಿನ ಬಹಮನಿ ಗುಮ್ಮಟಗಳು ಊರ ಹೊರಗಿರುವುದರಿಂದ ಅಲ್ಲಿಗೆ ವಾಹನ ಸಲೀಸಾಗಿ ಹೋಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಆದ್ದರಿಂದ ಹೋಟೆಲು ಅಥವಾ ಯಾತ್ರಿ ನಿವಾಸದವರೊಂದಿಗೆ ಮೊದಲೇ ಮಾತಾಡಿ, ಆವರಣದಲ್ಲಿ ನಿಲ್ಲಿಸುವುದಕ್ಕೆ, ವಿದ್ಯುತ್ತಿಗೆ ಮತ್ತು ಶೌಚಾಲಯಕ್ಕೆ ಒಂದು ಮೊತ್ತವನ್ನು ಗೊತ್ತುಮಾಡಿಕೊಳ್ಳಿ. ನಾನಕ ಝೀರಾದ ಗುರುದ್ವಾರದಲ್ಲಿ ಲಂಗರಿನ ಊಟ ಎಲ್ಲರಿಗೂ ಇದೆ, ಆದರೆ ಅದನ್ನು ಪ್ರವಾಸದ ಉಳಿತಾಯದ ಲೆಕ್ಕದಲ್ಲಿ ಸೇರಿಸುವುದು ನನಗೆ ಸರಿಕಾಣುವುದಿಲ್ಲ. ಉಂಡವರು ಕೈಲಾದಷ್ಟು ಕಾಣಿಕೆ ಹಾಕಿ, ಪಾತ್ರೆ ತೊಳೆಯಲು ಕೈಜೋಡಿಸಿ ಬರಬೇಕು.

ಯಾದಗಿರಿಯ ದಿಕ್ಕಿಗೆ ಹೊರಟವರು ಅಶೋಕನ ಹೆಸರು ಕೆತ್ತಿದ ಶಿಲ್ಪ ದೊರೆತ ಸನ್ನತಿ-ಕನಗನಹಳ್ಳಿ, ಯಾದಗಿರಿ ಕೋಟೆ, ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಗುಡ್ಡ, ಸುರಪುರ, ನಾರಾಯಣಪುರದ ಬಸವಸಾಗರ ಇವನ್ನು ಒಂದೇ ಸುತ್ತಿನಲ್ಲಿ ನೋಡಬಹುದು. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟು ಲಾರಿಗಳ ಓಡಾಟ ಹೆಚ್ಚಿರುವುದರಿಂದ ಆ ದಾರಿಯನ್ನು ಬೆಳಗಿನಲ್ಲೇ ದಾಟಿಕೊಳ್ಳಿ. ರೈಲು ಹಳಿಯ ಕೆಳಗಿನ ಅಂಡರ್‌ಪಾಸ್‌ಗಳ ಎತ್ತರ ಕಡಿಮೆ; ಸೌರ ಫಲಕವೂ ಸೇರಿದಂತೆ ನಿಮ್ಮ ವಾಹನದ ಎತ್ತರವನ್ನು ಅಳೆದು ಚಾಲಕನ ಕಣ್ಣೆದುರು ಬರೆದು ಅಂಟಿಸಿ. ಚಂದ್ರಂಪಳ್ಳಿ ಜಲಾಶಯ ಇರುವ ಚಿಂಚೋಳಿ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ನಿಲ್ಲುವಂತಿಲ್ಲ.

ಎರೆಭೂಮಿಯ ಬಗ್ಗೆ ಹೊರಗಿನವರ ಕೈಪಿಡಿಗಳು ಏನೂ ಹೇಳುವುದಿಲ್ಲ, ನಮಗೆ ಅದೇ ಮುಖ್ಯ. ಒಣಗಿದ ಎರೆ ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ರಾತ್ರಿ ಒಂದು ಮಳೆ ಬಿದ್ದರೆ ಮೂರು-ನಾಲ್ಕು ಟನ್ನಿನ ವಾಹನ ಅಚ್ಚಿನವರೆಗೆ ಇಳಿಯುತ್ತದೆ. ಆಗ ಟ್ರ್ಯಾಕ್ಟರ್ ಕರೆಸಿ ಎಳೆಸುವ ಖರ್ಚಲ್ಲದೆ ಕೆಳಭಾಗದ ಕೊಳವೆ, ತಂತಿಗಳೂ ಕಿತ್ತುಹೋಗುತ್ತವೆ. ಎಳ್ಳ ಅಮಾವಾಸ್ಯೆಗೆ ನೆಂಟರ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಅಲ್ಲೇ ರಾತ್ರಿ ಕಳೆಯುವುದು ಕ್ಯಾರವಾನಿನ ಅತ್ಯಂತ ಅಗ್ಗದ, ಅತ್ಯಂತ ಸುಖದ ಬಳಕೆ. ಆದರೆ ವಾಹನವನ್ನು ಹೊಲದೊಳಗೆ ಇಳಿಸದೆ, ಗರಸು ಹಾಕಿದ ದಾರಿಯ ಅಂಚಿನಲ್ಲೇ ನಿಲ್ಲಿಸಿ. ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ಹೊಳೆಯ ದಂಡೆಯವರೆಗೆ ಇಳಿಸುವುದೂ ಅಪಾಯ. ಇಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ಸೊನ್ನ ಬ್ಯಾರೇಜು ದಾಟಿ ಭೀಮೆ ಏರುತ್ತಾಳೆ. 2020ರ ಅಕ್ಟೋಬರಿನ ಪ್ರವಾಹ ಈ ಭಾಗದವರಿಗೆ ಇನ್ನೂ ನೆನಪಿದೆ. ದತ್ತ ಜಯಂತಿ ಮತ್ತು ಹುಣ್ಣಿಮೆಯ ದಿನಗಳಲ್ಲಿ ಗಾಣಗಾಪುರದ ಜನಸಂದಣಿಯಲ್ಲಿ ದೊಡ್ಡ ವಾಹನ ತಿರುಗಿಸಲಾಗದು, ಉಳಿದ ವಾರಗಳಲ್ಲಿ ಹೋಗಿ.

ನಿಂತ ತಿಂಗಳುಗಳು

ಮಾರ್ಚಿನಿಂದ ಅಕ್ಟೋಬರಿನವರೆಗೆ ಬಹುಪಾಲು ಕ್ಯಾರವಾನುಗಳು ನಿಂತೇ ಇರುತ್ತವೆ, ಹಾನಿಯೂ ಆಗಲೇ ಆಗುವುದು. ಬಿಸಿಲಿಗೆ ಕಿಟಕಿಯ ರಬ್ಬರು, ಛಾವಣಿಯ ಕೀಲುಗಳಿಗೆ ತುಂಬಿದ ಅಂಟು ಬಿರುಕು ಬಿಡುತ್ತವೆ. ಜೂನಿನ ಮೊದಲ ಮಳೆಗೆ ಅದೇ ಬಿರುಕಿನಿಂದ ನೀರು ಒಳಗಿಳಿದು ಪ್ಲೈವುಡ್ ಉಬ್ಬುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಯ ವಾರದಲ್ಲಿ ಛಾವಣಿಗೆ ಹತ್ತಿ ಕೀಲುಗಳನ್ನು ಪರೀಕ್ಷಿಸಿ ಹೊಸ ಅಂಟು ತುಂಬಿಸುವುದನ್ನು ವರ್ಷದ ನೇಮವಾಗಿಸಿಕೊಳ್ಳಿ. ನೆರಳಿಗೆ ನಾಲ್ಕೂ ಬದಿ ತೆರೆದ ತಗಡಿನ ಚಪ್ಪರ ಸಾಕು. ಮೈಗೆ ಅಂಟಿಕೊಳ್ಳುವಂತೆ ತಾಡಪತ್ರಿ ಹೊದಿಸಿದರೆ ಒಳಗಿನ ಶಾಖ ಇನ್ನೂ ಏರುತ್ತದೆ. ನಿಲ್ಲಿಸುವ ಜಾಗದಲ್ಲಿ ಟೈರುಗಳ ಕೆಳಗೆ ಶಹಾಬಾದಿನ ದಪ್ಪ ಫರ್ಸಿ ಕಲ್ಲುಗಳನ್ನು ಹಾಸಿದರೆ ಮಳೆಗಾಲದಲ್ಲಿ ಎರೆ ಸಡಿಲವಾದರೂ ವಾಹನ ವಾಲುವುದಿಲ್ಲ, ಮತ್ತು ಆ ಕಲ್ಲು ನಮ್ಮಲ್ಲಿ ದೊರೆಯುವಷ್ಟು ಅಗ್ಗವಾಗಿ ಬೇರೆಲ್ಲೂ ದೊರೆಯದು.

ನೀರಿನ ಟ್ಯಾಂಕು ಬರಿದಾಗಿರಲಿ, ಫ್ರಿಜ್ಜಿನ ಬಾಗಿಲು ತುಸು ತೆರೆದಿರಲಿ, ಒಳಗಿನ ಫ್ಯಾನು-ದೀಪಗಳ ಬ್ಯಾಟರಿಯ ತಂತಿ ಕಳಚಿರಲಿ ಅಥವಾ ಸೌರ ಫಲಕದಿಂದ ಅದು ತುಂಬುತ್ತಿರಲಿ. ತಿಂಗಳಿಗೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದರೆ ಟೈರು ಒಂದೇ ಕಡೆ ಚಪ್ಪಟೆಯಾಗುವುದು ತಪ್ಪುತ್ತದೆ. ಕ್ಯಾರವಾನಿನ ಟೈರುಗಳು ಸವೆಯುವುದಕ್ಕಿಂತ ಮೊದಲು ಮುಪ್ಪಾಗುತ್ತವೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರದ ಟೈರು. ಟೈರಿನ ಮೇಲ್ಮೈಯ ಗೀರುಗಳ ಆಳ ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ಬದಲಿಸಬೇಕು, ಹಳೆಯ ಕ್ಯಾರವಾನ್ ಕೊಳ್ಳುವವರು ಈ ಅಂಕಿಯನ್ನು ನೋಡದೆ ಬೆಲೆ ಮಾತಾಡಬಾರದು. ದಾಲ್ ಮಿಲ್ಲು, ಗೋದಾಮುಗಳ ಹತ್ತಿರ ನಿಲ್ಲಿಸುವವರು ಇಲಿ ನುಸುಳುವ ರಂಧ್ರಗಳನ್ನೆಲ್ಲ ತಂತಿಯ ಜಾಳಿಗೆಯಿಂದ ಮುಚ್ಚಿ; ಒಂದು ಇಲಿ ಕಡಿದ ತಂತಿಯ ಜಾಡು ಹಿಡಿಯಲು ಎಲೆಕ್ಟ್ರಿಷಿಯನ್ ಒಳಗೋಡೆಗಳನ್ನೇ ಬಿಚ್ಚಬೇಕಾಗುತ್ತದೆ.

ಮಾರುವ ಹೊತ್ತು

ಎರಡು ವರ್ಷ ಸತತವಾಗಿ ರಾತ್ರಿಗಳ ಸಂಖ್ಯೆ ನಿಮ್ಮ ಲೆಕ್ಕದ ಗಡಿಗಿಂತ ಕೆಳಗಿದ್ದರೆ, ಮಕ್ಕಳು ದೊಡ್ಡವರಾಗಿ ಊರು ಬಿಟ್ಟಿದ್ದರೆ, ವಾಹನವನ್ನು ಮಾರಿ ಬಾಡಿಗೆಗೆ ಮರಳುವುದರಲ್ಲಿ ಯಾವ ಅವಮಾನವೂ ಇಲ್ಲ. ಬೇಸಿಗೆಯಲ್ಲಿ ಕೊಳ್ಳುವವರು ಕಡಿಮೆ. ಮಳೆಗಾಲ ಮುಗಿದು, ಕೀಲುಗಳನ್ನು ಸರಿಪಡಿಸಿ ತೊಳೆದಿಟ್ಟ ವಾಹನವನ್ನು ದಸರೆಯ ಮುಂಚೆ ಮಾರಾಟಕ್ಕೆ ಇಟ್ಟರೆ ಬೆಲೆ ಬರುತ್ತದೆ. ಸರ್ವಿಸಿನ ರಸೀದಿಗಳು, ಬ್ಯಾಟರಿ ಮತ್ತು ಫಲಕಗಳ ವಾರಂಟಿ ಕಾಗದಗಳು ಒಂದೇ ಕಡತದಲ್ಲಿದ್ದರೆ ಕೊಳ್ಳುವವರು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಸಾಲವಿದ್ದರೆ ತೀರಿಸಿ ಬ್ಯಾಂಕಿನಿಂದ ನಮೂನೆ 35ನ್ನು ಪಡೆಯಬೇಕು. ನಮ್ಮ ಕಡೆಯ ವಾಹನವನ್ನು ಹೈದರಾಬಾದಿನವರೋ ಸೊಲ್ಲಾಪುರದವರೋ ಕೊಳ್ಳುವುದು ಸಹಜವಾದುದರಿಂದ, ಹೊರ ರಾಜ್ಯಕ್ಕೆ ಬೇಕಾಗುವ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28ರಲ್ಲಿ ಅರ್ಜಿಯನ್ನು ಸಿದ್ಧವಾಗಿಟ್ಟುಕೊಳ್ಳಿ, ಮತ್ತು ವರ್ಗಾವಣೆ ದಾಖಲಾಗುವವರೆಗೆ ವಾಹನದ ವಿಮೆಯನ್ನು ರದ್ದುಮಾಡಬೇಡಿ.